ಹಳದಿ ಪಟ್ಟಿ

ಯಂತ್ರಗಳಿಗೆ ನಾಚಿಕೆ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ತಿಪಟೂರಿನ ನಮ್ಮ ಪೆಟ್ಟಿಗೆ ಕೇಂದ್ರದ ಯಂತ್ರಕ್ಕೆ ಏಳು ತಿಂಗಳ ಕಾಲ ನಾಚಿಕೆ ಇತ್ತು. ಅದನ್ನು ಕಲಿಸಿದವನು ನಾನು, ಹಿರಿಯ ಪರಿಶೀಲಕ ಗುರುಶಾಂತಪ್ಪ. ತನಿಖೆಗೆ ಬಂದವರ ಮುಂದೆ ಇದನ್ನೆಲ್ಲ ಹೇಳಿ ಸಹಿ ಹಾಕಿದ್ದೇನೆ. ಆದರೆ ಅವರು ಬರೆದುಕೊಂಡದ್ದು ದಿನಾಂಕ ಮತ್ತು ಸಂಖ್ಯೆಗಳನ್ನು ಮಾತ್ರ. ಮಿಕ್ಕದ್ದನ್ನು ನಾನೇ ಬರೆಯಬೇಕು.

ಮನೆಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕೆಂಬ ಕಾನೂನು ಬಂದು ಹನ್ನೊಂದು ವರ್ಷವಾಯಿತು. ಮೊದಮೊದಲು ಎಲ್ಲ ಮನೆಗೂ ಒಂದೇ ಬಗೆಯ ಪೆಟ್ಟಿಗೆ. ಹತ್ತಿ, ಅಯೋಡಿನ್, ನಾಲ್ಕು ಸುತ್ತು ಬ್ಯಾಂಡೇಜು, ಒಂದು ಕತ್ತರಿ. ಎರಡೇ ದಿನದಲ್ಲಿ ಕತ್ತರಿ ಅಡುಗೆಮನೆ ಸೇರಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿತ್ತು. ಮಿಕ್ಕದ್ದು ಧೂಳು ತಿನ್ನುತ್ತಿತ್ತು. ದಿನಕ್ಕೆ ಸಾವಿರ ತೆಂಗಿನಕಾಯಿ ಸುಲಿಯುವವನ ಮನೆಗೂ ಕೂತು ಪಾಠ ಮಾಡುವ ಮೇಷ್ಟರ ಮನೆಗೂ ಒಂದೇ ಪೆಟ್ಟಿಗೆ ಕೊಟ್ಟರೆ ಇನ್ನೇನಾಗುತ್ತದೆ?

ಆಮೇಲೆ ಯಂತ್ರ ಬಂತು. ಹೊಸ ಪೆಟ್ಟಿಗೆಯಲ್ಲಿ ಇಪ್ಪತ್ತು ಗೂಡುಗಳು, ಪ್ರತಿ ಗೂಡಿನ ತಳದಲ್ಲಿ ಕಾಗದದಷ್ಟು ತೆಳ್ಳನೆಯ ತಕ್ಕಡಿ. ಯಾವ ಮನೆಯಲ್ಲಿ ಏನು ಖರ್ಚಾಯಿತು, ಎಷ್ಟು ಗಂಟೆಗೆ ಖರ್ಚಾಯಿತು ಎಂಬುದು ಅಲ್ಲಿಂದಲೇ ಕೇಂದ್ರಕ್ಕೆ ತಿಳಿಯುತ್ತದೆ. ಅದರ ಜೊತೆಗೆ ಮನೆಯವರ ವಯಸ್ಸು, ಕಸುಬು, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಕೂಡಿಸಿ, ಮುಂದಿನ ತಿಂಗಳು ಆ ಮನೆಗೆ ಏನು ಬೇಕಾದೀತು ಎಂದು ಯಂತ್ರ ಊಹಿಸುತ್ತದೆ. ಕಾಯಿ ಸುಲಿಯುವವರಿಗೆ ರಕ್ತ ಒತ್ತಿ ಹಿಡಿಯುವ ದಪ್ಪ ಪಟ್ಟಿ. ಅಂಬೆಗಾಲಿಡುವ ಮಗುವಿದ್ದರೆ ಸುಟ್ಟ ಗಾಯದ ಮುಲಾಮು ಮತ್ತು ಭೇದಿಗೆ ಕುಡಿಸುವ ಪುಡಿ. ಸಕ್ಕರೆ ಕಾಯಿಲೆಯ ಅಜ್ಜಿ ಇದ್ದರೆ ಗ್ಲೂಕೋಸು. ಲಾರಿ ಡ್ರೈವರಿನ ಮನೆಗೆ ಎರಡು ಪೆಟ್ಟಿಗೆ, ಒಂದು ಲಾರಿಗೆ. ಪ್ರತಿ ತಿಂಗಳ ಮೊದಲ ವಾರ ವ್ಯಾನು ಬಂದು ಗೂಡುಗಳನ್ನು ಬದಲಿಸಿ ಹೋಗುತ್ತದೆ. ಎಲ್ಲರ ಮನೆಯ ಗುಟ್ಟೂ ಗೊತ್ತಿರುವ ಆ ಯಂತ್ರಕ್ಕೆ ಊರಿನವರು ದೊಡ್ಡಮ್ಮ ಎಂದು ಹೆಸರಿಟ್ಟರು.

ಗಾಬರಿಯಲ್ಲಿ ಯಾರಿಗೂ ಓದಲು ಆಗುವುದಿಲ್ಲವಲ್ಲ, ಅದಕ್ಕೆ ಪ್ರತಿ ಔಷಧಕ್ಕೂ ಒಂದು ಬಣ್ಣದ ಬಟ್ಟೆಪಟ್ಟಿ ಕಟ್ಟಿ ಮುಚ್ಚಳದ ಹೊರಗೆ ನೇತುಬಿಟ್ಟಿದ್ದರು. ರಕ್ತಕ್ಕೆ ಕೆಂಪು, ಸುಟ್ಟದ್ದಕ್ಕೆ ನೀಲಿ, ಭೇದಿಗೆ ಹಸಿರು. ಮೂರ್ಛೆ ರೋಗಕ್ಕೆ ಹಳದಿ. ಹಳದಿ ಎಳೆದರೆ ಮೂಗಿಗೆ ಸಿಂಪಡಿಸುವ ಒಂದು ಪುಟ್ಟ ಸೀಸೆ ಕೈಗೆ ಬರುತ್ತದೆ. ಐದು ನಿಮಿಷವಾದರೂ ಸೆಳೆತ ನಿಲ್ಲದಿದ್ದರೆ ಒಮ್ಮೆ ಸಿಂಪಡಿಸಿ, ಮಗ್ಗುಲಿಗೆ ಮಲಗಿಸಿದರೆ ಸಾಕು. ಮೊದಲೆಲ್ಲ ಕೈಗೆ ಬೀಗದ ಕೈ ಗೊಂಚಲು ಹಿಡಿಸಿ, ಮೂಗಿಗೆ ಈರುಳ್ಳಿ ಹಿಡಿದು ದೇವರನ್ನು ಕೂಗುತ್ತಿದ್ದೆವು. ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನಾನು ಆ ಸೀಸೆಯ ಬೆಲೆ ಬಲ್ಲೆ. ಬಲ್ಲವನೇ ಮಾಡಿದ ತಪ್ಪು ಇದು.

ಪೆಟ್ಟಿಗೆಯನ್ನು ಹೊಸಿಲು ದಾಟಿದ ಕೂಡಲೇ ಕಾಣುವಂತೆ ತೂಗುಹಾಕಬೇಕೆಂದು ನಿಯಮ. ಆ ನಿಯಮ ಮಾಡಿದವರಿಗೆ ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರ ಗೊತ್ತಿರಲಿಲ್ಲ. ಹೊಸ ಪೆಟ್ಟಿಗೆ ಬಂದ ಮೂರನೇ ವರ್ಷದ ಹೊತ್ತಿಗೆ ಗಂಡಿನ ಕಡೆಯವರು ಜಾತಕಕ್ಕಿಂತ ಮೊದಲು ಪೆಟ್ಟಿಗೆ ನೋಡತೊಡಗಿದರು. ಉಪ್ಪಿಟ್ಟು ಕೇಸರಿಬಾತು ತಿಂದಾದ ಮೇಲೆ ಅವರಲ್ಲೊಬ್ಬ ಹಿರಿಯ ಹೆಂಗಸು ಕೈ ತೊಳೆಯುವ ನೆವದಿಂದ ಏಳುತ್ತಿದ್ದಳು. ಬರುವಾಗ ಪೆಟ್ಟಿಗೆಯ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದಳು. ಹಳದಿ ಕಂಡರೆ, ಊರಿಗೆ ಹೋಗಿ ಫೋನ್ ಮಾಡ್ತೀವಿ ಎನ್ನುತ್ತಿದ್ದರು. ಫೋನ್ ಬರುತ್ತಿರಲಿಲ್ಲ.

ಯಂತ್ರ ತಯಾರಿಸಿದ ಯಾದಿಯನ್ನು ಕೊನೆಗೊಮ್ಮೆ ನೋಡಿ, ಬೇಡದ್ದನ್ನು ಹೊಡೆದುಹಾಕುವ ಅಧಿಕಾರ ಪರಿಶೀಲಕನಿಗಿತ್ತು. ಹೊಡೆದು ಕಾರಣ ಬರೆಯಬೇಕು. ಅದನ್ನು ನೋಡಿ ಯಂತ್ರ ಕಲಿಯುತ್ತದೆ. ಹಳಬನೆಂದು, ಆಸ್ಪತ್ರೆಯಲ್ಲಿ ದುಡಿದವನೆಂದು ನನ್ನ ತಿದ್ದುಪಡಿಗೆ ಬೇರೆಯವರಿಗಿಂತ ಹೆಚ್ಚು ತೂಕ ಕೊಟ್ಟಿದ್ದರು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಮೊದಲು ಬಂದವನು ನನ್ನ ಷಡ್ಡಕ. ಅವನ ಮಗಳನ್ನು ನೋಡಲು ಭಾನುವಾರ ಹಾಸನದವರು ಬರುವವರಿದ್ದರು.

"ಒಂದೇ ಒಂದು ತಿಂಗಳು ಆ ಹಳದಿ ತೆಗೆಸಿಬಿಡಿ ಭಾವ. ಮದುವೆ ಆದ್ಮೇಲೆ ಮತ್ತೆ ಹಾಕಿಸಿದ್ರಾಯ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದವ್ರೆ, ನಾನು ಕೇಳ್ತಿರೋದು ಒಂದೇ ಸುಳ್ಳು."

ತೆಗೆದೆ. ಕಾರಣದ ಜಾಗದಲ್ಲಿ 'ಅನಗತ್ಯ' ಎಂದು ಬರೆದೆ. ಮದುವೆಯೂ ಆಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಎದುರುಮನೆಯವರು, ಬ್ಯಾಂಕಿನ ಗೆಳೆಯರು, ಮಠದಲ್ಲಿ ಪರಿಚಯವಾದವರು ಬಂದರು. ಎಲ್ಲರಿಗೂ ಇಪ್ಪತ್ತರ ಆಚೀಚಿನ ಹೆಣ್ಣುಮಕ್ಕಳು. ನಾನು ಒಂದು ಪೈಸೆ ಮುಟ್ಟಲಿಲ್ಲ, ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೆ. ಹನ್ನೊಂದು ಮನೆಯಾಯಿತು. ಹನ್ನೆರಡನೆಯದು ನನ್ನದೇ.

ನನ್ನ ಮಗಳು ಇಂಚರ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಹದಿನೈದನೇ ವಯಸ್ಸಿನಲ್ಲೊಮ್ಮೆ, ಹತ್ತೊಂಬತ್ತರಲ್ಲೊಮ್ಮೆ ಮೂರ್ಛೆ ಬಂದಿತ್ತು. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಾಳೆ, ನಾಲ್ಕು ವರ್ಷದಿಂದ ಏನೂ ಆಗಿಲ್ಲ. ಅರಸೀಕೆರೆಯಿಂದ ಒಳ್ಳೆಯ ಸಂಬಂಧ ಬಂದಾಗ ನನ್ನ ಹೆಂಡತಿ ದಾಕ್ಷಾಯಣಿ ಮಾತ್ರೆಯ ಡಬ್ಬಿಯನ್ನು ರಾಗಿಹಿಟ್ಟಿನೊಳಗೆ ಹೂತಿಟ್ಟಳು. ನಾನು ಪೆಟ್ಟಿಗೆಯ ಕೆಲಸ ವಹಿಸಿಕೊಂಡೆ.

"ಆ ಪಟ್ಟಿ ಅಲ್ಲಿದ್ರೆ ನಿಮಗೇನಾಗುತ್ತೆ ಅಪ್ಪ?" ಎಂದಳು ಇಂಚರ.

"ಮದುವೆ ಆಗ್ಲಿ. ಆಮೇಲೆ ನಿಧಾನವಾಗಿ ಹೇಳಿದರಾಯ್ತು."

"ನಿಧಾನವಾಗಿ ಅಂದ್ರೆ ಯಾವಾಗ? ನಾನು ಅವರ ಮನೇಲಿ ಬಿದ್ದ ಮೇಲಾ?"

"ಬಿಡ್ತು ಅನ್ನು," ಎಂದು ದಾಕ್ಷಾಯಣಿ ಗದರಿದಳು. ಇಂಚರ ನಮ್ಮ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಳು, ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಹುಡುಗನ ಸೋದರತ್ತೆ ನೀಲಾಂಬಿಕೆ ಕೈ ತೊಳೆದು ಬಂದು ಪೆಟ್ಟಿಗೆಯ ಮುಂದೆ ನಿಂತರು. ಒಂದೊಂದೇ ಪಟ್ಟಿಯನ್ನು ಸೀರೆ ಅಂಗಡಿಯಲ್ಲಿ ಸೆರಗು ನೋಡುವಂತೆ ಬೆರಳಲ್ಲಿ ಎತ್ತಿ ನೋಡಿದರು.

"ಬಾಳ ಚೊಕ್ಕವಾಗಿದೆ ಕಣ್ರಿ ನಿಮ್ಮನೆ ಪೆಟ್ಟಿಗೆ," ಎಂದರು.

"ಎಲ್ಲಾ ನಿಮ್ಮಂಥ ಹಿರಿಯರ ಆಶೀರ್ವಾದ," ಎಂದಳು ದಾಕ್ಷಾಯಣಿ.

ನಿಶ್ಚಿತಾರ್ಥಕ್ಕೆ ನಾಲ್ಕು ತಿಂಗಳ ಆಚೆಗೆ ದಿನ ಗೊತ್ತಾಯಿತು. ಮುಂದಿನ ತಿಂಗಳ ಯಾದಿ ಬಂದಾಗ ಮತ್ತೆ ಹೊಡೆಯಬೇಕೆಂದು ನಮ್ಮ ಮನೆಯ ಹೆಸರು ಹುಡುಕಿದೆ. ಹಳದಿ ಅಲ್ಲಿ ಇರಲೇ ಇಲ್ಲ. ನಾನು ತೆಗೆಯುವ ಮೊದಲೇ ಯಂತ್ರ ತೆಗೆದಿತ್ತು. ಹೆದರಬೇಕಾದ ಗಳಿಗೆ ಅದು. ನಾನು ನೆಮ್ಮದಿಯಿಂದ ಕಾಫಿ ಕುಡಿದೆ.

ಯಂತ್ರದ ಉಸ್ತುವಾರಿ ತಸ್ಮಿಯಾ ಎಂಬ ಎಂಜಿನಿಯರ್ ಹುಡುಗಿಯದು. ಮಾತು ಕಡಿಮೆ, ಕಣ್ಣು ಚುರುಕು. ಗೂಡು ತುಂಬುವ ಹಜಾರದಲ್ಲಿ ಇಪ್ಪತ್ತು ಯಾಂತ್ರಿಕ ಕೈಗಳು ಸಾಲಾಗಿ ದುಡಿಯುತ್ತವೆ. ಗಾಜಿನ ಆಚೆಯಿಂದ ಅವನ್ನೇ ನೋಡುತ್ತಿದ್ದ ಅವಳು ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದಳು.

"ಸಾರ್, ಹಳದಿ ತುಂಬೋ ಕೈ ಅರ್ಧ ದಿನ ಸುಮ್ನೆ ನಿಂತಿರುತ್ತೆ. ಕೆಟ್ಟಿದೆ ಅಂತ ಬಿಚ್ಚಿಸಿ ನೋಡಿದೆ. ಕೆಟ್ಟಿಲ್ಲ."

"ಕಾಯಿಲೆ ಕಡಿಮೆಯಾಗಿರಬೇಕಮ್ಮ. ಒಳ್ಳೇದೇ ಅಲ್ವಾ?"

"ಗಂಡಸರ ಮನೆಗೆ ಮೊದಲಿನಷ್ಟೇ ಹೋಗ್ತಿದೆ ಸಾರ್. ಮದುವೆ ಆಗದ ಹುಡುಗೀರಿರೋ ಮನೆಗೆ ಮಾತ್ರ ನಿಂತಿದೆ. ನೂರಾ ಮೂರು ಮನೆ. ಕಾಯಿಲೆ ಹಾಗೆ ನೋಡ್ಕೊಂಡು ಕಡಿಮೆ ಆಗುತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಹನ್ನೆರಡು ಸಲ ನಾನು ಬರೆದ 'ಅನಗತ್ಯ'ದಲ್ಲಿ ಯಂತ್ರ ಒಂದು ನಿಯಮ ಕಂಡುಕೊಂಡಿತ್ತು: ಇಂಥ ವಯಸ್ಸಿನ ಹೆಣ್ಣುಮಗಳಿರುವ ಮನೆಗೆ ಹಳದಿ ಬೇಡ. ತಪ್ಪು ಕಲಿತರೆ ಜನ ದೂರು ಕೊಡುತ್ತಾರೆ, ದೂರು ಬಂದರೆ ಅದು ತಿದ್ದಿಕೊಳ್ಳುತ್ತದೆ ಎಂಬುದು ಅದನ್ನು ಕಟ್ಟಿದವರ ಲೆಕ್ಕಾಚಾರ. ಹಳದಿ ಬರಲಿಲ್ಲವೆಂದು ನೂರಾ ಮೂರು ಮನೆಗಳಲ್ಲಿ ಒಬ್ಬರೂ ದೂರು ಕೊಟ್ಟಿರಲಿಲ್ಲ. ಪಟ್ಟಿ ಹೋಯಿತಲ್ಲ ಎಂದು ಎಲ್ಲರೂ ಒಳಗೊಳಗೇ ಹಿಗ್ಗಿರಬೇಕು, ನನ್ನ ಹಾಗೆ.

"ಜಿಲ್ಲಾ ಕಚೇರಿಗೆ ನಾನೇ ಬರೀತೀನಿ, ನೀನು ತಲೆ ಕೆಡಿಸ್ಕೋಬೇಡ," ಎಂದೆ.

ಬರೆಯಲಿಲ್ಲ. ಬರೆದರೆ ತಿದ್ದುಪಡಿ ಮಾಡಿದ ಮನೆಗಳ ಹೆಸರು ಕೊಡಬೇಕು, ನನ್ನ ಮನೆಯ ಹೆಸರೂ ಅದರಲ್ಲಿರುತ್ತದೆ. ನಿಶ್ಚಿತಾರ್ಥಕ್ಕೆ ಎರಡೇ ವಾರವಿತ್ತು. ಅದೊಂದು ಮುಗಿಯಲಿ ಎಂದು ದಿನ ತಳ್ಳಿದೆ. ಒಂಬತ್ತು ದಿನ. ಗೊತ್ತಿಲ್ಲದೆ ಮಾಡಿದ್ದಕ್ಕೆ ಕ್ಷಮೆ ಇರಬಹುದು, ಆ ಒಂಬತ್ತು ದಿನಗಳಿಗೆ ನನ್ನ ಬಳಿ ಯಾವ ಸಬೂಬೂ ಇಲ್ಲ.

ಹತ್ತನೆಯ ದಿನ ಹೊನ್ನಮ್ಮ ಬಂದಳು. ಕೊಬ್ಬರಿ ಗೋದಾಮಿನಲ್ಲಿ ಕಾಯಿ ಒಡೆಯುವವಳು, ಐವತ್ತರ ಹೆಂಗಸು. ತನ್ನ ಮನೆಯ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ಸೆರಗಿನಲ್ಲಿ ಕಟ್ಟಿ ತಂದಿದ್ದಳು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಮಾತು ಕೂಡಿಸಿಕೊಳ್ಳುತ್ತಿದ್ದೆ. ಅವಳು ಕುರ್ಚಿಯ ಮೇಲೆ ಕೂರಲೂ ಒಪ್ಪಲಿಲ್ಲ.

"ನಮ್ಮಿಂದ ಏನೋ ತಪ್ಪಾಗೈತೆ ಸ್ವಾಮಿ," ಎಂದಳು. "ಏನಂತ ಗೊತ್ತಾಗ್ತಿಲ್ಲ. ಅದ್ನ ಕೇಳ್ಕಂಡು ಹೋಗಣ ಅಂತ ಬಂದೆ."

"ಏನಾಯ್ತಮ್ಮ?"

"ನನ್ ಮಗಳು ಪವಿತ್ರಾಗೆ ಮೂರ್ಛೆ ಕಾಯ್ಲೆ. ಸಣ್ಣೋಳಿದ್ದಾಗಿಂದ. ನಮ್ಮನೆ ಪೆಟ್ಟಿಗೇಲಿ ಹಳದಿ ಇತ್ತು. ನಾಕ್ ತಿಂಗ್ಳಿಂದ ಬರ್ನಿಲ್ಲ. ದೊಡ್ಡಮ್ಮಂಗೆ ಎಲ್ಲಾ ಗೊತ್ತಿರ್ತದಲ್ಲ ಸ್ವಾಮಿ, ಅದೇ ತೆಗೆದೈತೆ ಅಂದ್ರೆ ನನ್ ಮಗಳಿಗೆ ವಾಸಿಯಾಯ್ತು ಅಂದ್ಕಂಡೆ. ಬೀದಿಗೆಲ್ಲಾ ಸಕ್ರೆ ಹಂಚಿದೆ. ಇನ್ಯಾಕೆ ಅಂತ ಮಾತ್ರೇನೂ ನಿಲ್ಲಿಸ್ದೆ."

ಇದನ್ನು ನಾನು ಊಹಿಸಿರಲಿಲ್ಲ. ಒಂದು ಸೀಸೆ ಕಡಿಮೆಯಾದೀತು ಎಂದಷ್ಟೇ ತಿಳಿದಿದ್ದೆ. ನಾವು ಕೊಡದೆ ಬಿಟ್ಟದ್ದನ್ನು ಜನ ವೈದ್ಯರ ಮಾತಿನಂತೆ ನಂಬುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಆಮೇಲೆ?"

"ಹೋದ ಸೋಮವಾರ ಗೋದಾಮ್ನಿಂದ ಬಂದು ಕೈಕಾಲು ತೊಳೀತಾ ಬಿದ್ಲು. ಸೆಳೆತ ನಿಲ್ತಾನೇ ಇಲ್ಲ. ಪೆಟ್ಟಿಗೆ ಹತ್ರ ಓಡಿದೆ, ಹಳದಿ ಇಲ್ಲ. ಬೀಗದ ಕೈ ಹಿಡಿಸ್ದೆ. ಆಂಬುಲೆನ್ಸ್ ಬರೋ ಹೊತ್ಗೆ ಮುಕ್ಕಾಲು ಗಂಟೆ ಆಗಿತ್ತು. ಜೀವ ಐತೆ ಸ್ವಾಮಿ, ನಿನ್ನೆ ಮನೆಗೆ ಕರ್ಕಂಡ್ ಬಂದ್ವಿ. ಬಲಗೈ ಎತ್ತಕಾಗ್ತಿಲ್ಲ. ಮಾತು ಹೊರಡ್ತಿಲ್ಲ. ಅವ್ವ ಅನ್ನಕೂ ಬಾಯಿ ತಿರುಗ್ತಿಲ್ಲ."

ಅವಳು ಸೆರಗು ಬಿಚ್ಚಿ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಕೈ ಮುಗಿದಳು. "ನಾವು ಎಲ್ಲಾದ್ರೂ ತಪ್ಪು ಬರೆಸಿದ್ವಾ ನೋಡಿ. ನಮ್ಗೆ ಓದು ಬರಾಕಿಲ್ಲ."

ಆಸ್ಪತ್ರೆಯಲ್ಲಿದ್ದಾಗ ಜನ ನನ್ನನ್ನು ಬೈದಿದ್ದಾರೆ, ಒಮ್ಮೆ ಒಬ್ಬ ಕೆನ್ನೆಗೂ ಹೊಡೆದಿದ್ದ. ಅವತ್ತು ಆ ಹೆಂಗಸು ಮುಗಿದ ಕೈಯನ್ನು ನೋಡಿದಾಗ ಆದಷ್ಟು ಅವಮಾನ ಎಂದೂ ಆಗಿರಲಿಲ್ಲ. "ನೀವೇನೂ ತಪ್ಪು ಬರೆಸಿಲ್ಲಮ್ಮ, ಮನೆಗೆ ಹೋಗಿ, ನಾನೇ ಬರ್ತೀನಿ," ಎಂದೆ. ಅವಳು ಹೋದ ಮೇಲೆ ನೆಟ್ಟಗೆ ತಸ್ಮಿಯಾಳ ಕೋಣೆಗೆ ಹೋದೆ. ಪವಿತ್ರಾಳ ಸಂಗತಿಯನ್ನೂ ಹನ್ನೆರಡು ಮನೆಗಳ ಹೆಸರನ್ನೂ ಹೇಳಿದೆ. ಕೊನೆಯದನ್ನು ಹೇಳುವಾಗ ದನಿ ಇಳಿಯಿತು.

ತಸ್ಮಿಯಾ ಬೈಯಲಿಲ್ಲ. ಬರೆದುಕೊಂಡು, ನನ್ನ ಕಡೆ ನೋಡದೆ ಕೇಳಿದಳು: "ಜಿಲ್ಲಾ ಕಚೇರಿಗೆ ಬರೀತೀನಿ ಅಂದಿದ್ರಿ?"

"ಬರೆದಿಲ್ಲ."

"ನಾನು ನಿಮ್ಮನ್ನ ನಂಬಿ ಸುಮ್ನಿದ್ದೆ ಸಾರ್." ಅವಳ ಕಣ್ಣಲ್ಲಿ ನೀರು ಬಂತು. "ಆ ಸೋಮವಾರದ ಪಾಲು ನನಗೂ ಬಂತಲ್ಲ."

ನನ್ನ ತಿದ್ದುಪಡಿಗಳನ್ನೆಲ್ಲ ಅಳಿಸಿ, ಅವುಗಳಿಂದ ಕಲಿತ ನಿಯಮವನ್ನು ಕಿತ್ತುಹಾಕಲು ಅವಳಿಗೆ ಎರಡು ಗಂಟೆ ಹಿಡಿಯಿತು. ಹಳದಿ ತುಂಬುವ ಕೈ ಚಲಿಸತೊಡಗಿತು. ಪ್ರತಿ ಮನೆಗೂ, ಮಾತ್ರೆ ನಿಲ್ಲಿಸಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಬಾಯಲ್ಲಿ ಹೇಳಿ ಬರಲು ಜನರನ್ನು ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ವ್ಯಾನುಗಳು ಹೊರಟವು. ಆ ಸಂಜೆಯೊಳಗೆ ತಿಳಿದದ್ದು, ಮಾತ್ರೆ ನಿಲ್ಲಿಸಿದ ಮನೆಗಳು ಇನ್ನೂ ಏಳು ಇದ್ದವು.

ನಾನು ಮನೆಗೆ ಹೋದೆ. ಅಂದು ಶನಿವಾರ, ಇಂಚರ ಶಾಲೆಯಿಂದ ಬಂದು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ಹೊನ್ನಮ್ಮನ ವಿಷಯವನ್ನು ಮೊದಲಿನಿಂದ ಹೇಳಿದೆ. ದಾಕ್ಷಾಯಣಿ ಗೋಡೆಗೆ ಒರಗಿ ಕೂತುಬಿಟ್ಟಳು.

"ಪವಿತ್ರಾಗೆ ಎಷ್ಟು ವಯಸ್ಸು?" ಎಂದಳು ಇಂಚರ.

"ಇಪ್ಪತ್ಮೂರು."

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನಾನೂ ಬರ್ತೀನಿ ನಡೀರಿ. ಅರಸೀಕೆರೆಗೆ ನೀವು ಹೇಳ್ತೀರೋ, ನಾನು ಹೇಳಲೋ?"

"ಮೊದಲು ಹೊನ್ನಮ್ಮನ ಮನೆ," ಎಂದೆ. ಆಗಲೂ ಜಾರಿಕೊಳ್ಳಲು ನನಗೊಂದು ಸಂದು ಸಿಕ್ಕಿತ್ತು.

ಹೊನ್ನಮ್ಮನ ಮನೆ ಗೋದಾಮುಗಳ ಹಿಂದಿನ ಬೀದಿಯಲ್ಲಿ. ಕೇಂದ್ರದ ಸಾಹೇಬರು ಬಂದರೆಂದು ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಒಳಗೆ ಚಾಪೆಯ ಮೇಲೆ ಪವಿತ್ರಾ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿ ಹೂವು ಮುಡಿಸಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನಮ್ಮನ್ನೇ ನೋಡಿದಳು. ಏನೋ ಹೇಳಲು ಹೋದಳು, ತುಟಿ ಅಲುಗಿತು, ಸ್ವರ ಬರಲಿಲ್ಲ.

ನಾನು ನೆಲದ ಮೇಲೆ ಕೂತು ಹೇಳಿದೆ. "ತಪ್ಪು ನಿಮ್ಮದಲ್ಲ ಹೊನ್ನಮ್ಮ, ಯಂತ್ರದ್ದೂ ಅಲ್ಲ. ಪರಿಚಯದವರ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತೆ ಅಂತ ನಾನು ಅವರ ಪೆಟ್ಟಿಗೆಯಿಂದ ಹಳದಿ ತೆಗೆದೆ. ಅದನ್ನ ನೋಡಿ ನಿಮ್ಮ ಮನೇದೂ ಹೋಯ್ತು. ನಿಮ್ಮ ಮಗಳಿಗೆ ವಾಸಿಯಾಗಿರಲಿಲ್ಲ."

ಬೈಯಲಿ, ಉಗಿಯಲಿ ಎಂದು ತಲೆ ತಗ್ಗಿಸಿದೆ. ಹೊನ್ನಮ್ಮ ಕೇಳಿದ್ದು ಬೇರೆ.

"ನಿಮ್ಗೂ ಮಗಳವ್ಳಾ ಸ್ವಾಮಿ? ಇವಳೇನಾ? ಇವಳ್ಗೂ ಬರ್ತದಾ?"

ಬೀದಿಯಷ್ಟು ಜನ ಕಿವಿ ತೆರೆದು ನಿಂತಿದ್ದರು. ನನ್ನ ಎದುರಿಗೆ ಮಾತು ಕಳೆದುಕೊಂಡ ಹುಡುಗಿ ಕೂತಿದ್ದಳು. ತಪ್ಪೊಪ್ಪಿಕೊಳ್ಳಲೆಂದೇ ನಾನು ಅಲ್ಲಿಗೆ ಹೋಗಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು ಇಷ್ಟೇ:

"ಇಲ್ಲಮ್ಮ. ಇವಳಿಗೆ ಅಂಥದ್ದೇನೂ ಇಲ್ಲ."

ಯೋಚಿಸಿ ಹೇಳಿದ್ದಲ್ಲ. ಕೆಮ್ಮು ಬಂದಂತೆ ಬಂತು. ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದೆ, ಅಷ್ಟರಲ್ಲಿ ಹಿಂದೆ ನಿಂತಿದ್ದ ಇಂಚರ ನನ್ನನ್ನು ದಾಟಿ ಮುಂದೆ ಬಂದಿದ್ದಳು.

"ಬರುತ್ತೆ ಅವ್ವ, ನನಗೂ ಬರುತ್ತೆ," ಎಂದಳು. ಬಾಗಿಲಲ್ಲಿದ್ದವರಿಗೂ ಕೇಳಿಸುವಂತೆ, ಪಾಠ ಮಾಡುವ ದನಿಯಲ್ಲಿ ಹೇಳಿದಳು. "ಎರಡು ಸಲ ಬಂದಿದೆ. ದಿನಾ ಎರಡು ಮಾತ್ರೆ ತಗೋತೀನಿ."

ಪವಿತ್ರಾಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅವಳ ಸೋತ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಹೊನ್ನಮ್ಮ ಹತ್ತಿರ ಸರಿದು, ಕಾಯಿ ಒಡೆದು ಒಡೆದು ಒರಟಾಗಿದ್ದ ಅಂಗೈಯಿಂದ ಇಂಚರಳ ತಲೆ ಸವರಿದಳು.

"ನಿಲ್ಲಿಸ್ಬ್ಯಾಡ ಕಂದ," ಎಂದಳು. "ಯಾರು ಏನೇ ಹೇಳಲಿ, ಮಾತ್ರೆ ನಿಲ್ಲಿಸ್ಬ್ಯಾಡ. ನಿಮ್ಮಪ್ಪ ಹೇಳಿದ್ರೂ ನಿಲ್ಲಿಸ್ಬ್ಯಾಡ."

ಆಮೇಲೆ ಎದ್ದು ಇಂಚರಳಿಗೆ ನೀರು ತಂದುಕೊಟ್ಟಳು. ನಾನು ಎದ್ದು ಹೊರಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಜನ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.